ರಾತ್ರಿ ಊಟದಿಂದ ಬೆಳಗಿನ ರೊಟ್ಟಿಯವರೆಗೆ



ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ದೇವಾಪುರದಲ್ಲಿ ಹತ್ತಿ ಬಿಡಿಸುವ ಹಂಗಾಮು ಅಂದುಕೊಳ್ಳಿ. ಒಬ್ಬ ಹೆಣ್ಣುಮಗಳು ರಾತ್ರಿ 8 ಗಂಟೆಗೆ ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಮಲಗುತ್ತಾಳೆ. ನಸುಕಿನಲ್ಲಿ ಏಳುತ್ತಾಳೆ. ಕಸ ಹೊಡೆಯುತ್ತಾಳೆ, ನೀರು ತರುತ್ತಾಳೆ, ಮಕ್ಕಳಿಗೆ ರೊಟ್ಟಿ ಬಡಿಯುತ್ತಾಳೆ. ತಾನು ಅರ್ಧ ಕಪ್ ಚಹಾ ಕುಡಿದು ಟಂಟಂ ಹತ್ತುತ್ತಾಳೆ. ಹೊಲದಲ್ಲಿ ಒಂದಿಷ್ಟು ಸಾಲು ಹತ್ತಿ ಬಿಡಿಸಿದ ಮೇಲೆಯೇ ಬುತ್ತಿ ಬಿಚ್ಚುವುದು. ಅಷ್ಟು ಹೊತ್ತಿಗೆ ಬೆಳಿಗ್ಗೆ 10 ಗಂಟೆ. ಅಂದರೆ ಒಂದು ಊಟಕ್ಕೂ ಇನ್ನೊಂದು ಊಟಕ್ಕೂ ನಡುವೆ 14 ಗಂಟೆ.

ಈ 14 ಗಂಟೆಯಲ್ಲಿ ಆಕೆಗೆ ತಲೆ ಸುತ್ತಿ ಬರಲಿಲ್ಲ. ಕೈ ನಡುಗಲಿಲ್ಲ. ಕನಸು ಕಂಡಳು, ಎದ್ದಳು, ಕೆಲಸ ಮಾಡಿದಳು, ಹಾಡಿಕೊಂಡಳು. ಇದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ವಿಶೇಷ ಇದೆ. ನಮ್ಮ ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಬೇಕು. ಗಂಟೆಗೆ 5 ಗ್ರಾಂ ಎಂದು ಇಟ್ಟುಕೊಳ್ಳಿ. ಆದರೆ ಮೈಯ ರಕ್ತವನ್ನೆಲ್ಲ ಒಟ್ಟು ಮಾಡಿದರೂ ಅದರಲ್ಲಿರುವ ಸಕ್ಕರೆ ಒಂದು ಟೀ ಚಮಚದಷ್ಟು. ಮಿದುಳಿಗೆ ಅದು ಒಂದು ಗಂಟೆಗೂ ಸಾಲದು. ಹಾಗಾದರೆ ಉಳಿದ 13 ಗಂಟೆ ಆ ಹೆಣ್ಣುಮಗಳನ್ನು ಯಾರು ಸಾಕಿದರು?

ಯಕೃತ್ತು ಸಾಕಿತು. ಯಕೃತ್ತಿಗೆ ಈ ಕೆಲಸ ಹೇಳಿದ್ದು ಹಾರ್ಮೋನುಗಳು. ಕೆಲಸ ನಡೆದದ್ದು ಯಕೃತ್ತಿನ ಜೀವಕೋಶಗಳ ಒಳಗಿರುವ ಮೈಟೋಕಾಂಡ್ರಿಯಗಳಲ್ಲಿ. ಇವತ್ತಿನ ಮಾತು ಈ ಮೂರರ ಸಂಬಂಧದ ಬಗ್ಗೆ.

ನಿಮ್ಮ ಬಲಗೈಯನ್ನು ಬಲಬದಿಯ ಕೆಳಪಕ್ಕೆಲುಬುಗಳ ಮೇಲೆ ಇಡಿ. ಆ ಪಕ್ಕೆಲುಬುಗಳ ಮರೆಯಲ್ಲಿ ಯಕೃತ್ತು ಇದೆ. ದೊಡ್ಡವರಲ್ಲಿ ಅದರ ತೂಕ ಸುಮಾರು ಒಂದೂವರೆ ಕಿಲೊ. ಬಣ್ಣ ಕಡುಗೆಂಪು. ಮುಟ್ಟಿದರೆ ಮೆತ್ತಗೆ, ನುಣುಪು. ಮಾಂಸದ ಅಂಗಡಿಯಲ್ಲಿ ಕುರಿಯ ಕಲೀಜಿ ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೈಯ ತೂಕದಲ್ಲಿ ಯಕೃತ್ತಿನ ಪಾಲು ನೂರಕ್ಕೆ ಎರಡು. ಆದರೆ ನಾವು ಸುಮ್ಮನೆ ಮಲಗಿರುವಾಗ ಮೈ ಬಳಸುವ ಆಮ್ಲಜನಕದಲ್ಲಿ ಐದರಲ್ಲಿ ಒಂದು ಪಾಲು ಇದೇ ತೆಗೆದುಕೊಳ್ಳುತ್ತದೆ. ಇಷ್ಟು ಆಮ್ಲಜನಕ ಯಾಕೆ ಬೇಕು? ಅದರ ಜೀವಕೋಶಗಳಲ್ಲಿ ಮೈಟೋಕಾಂಡ್ರಿಯ ಕಿಕ್ಕಿರಿದಿವೆ. ಒಂದೊಂದು ಕೋಶದಲ್ಲೂ ಸಾವಿರ, ಎರಡು ಸಾವಿರ. ಕೋಶದ ಜಾಗದಲ್ಲಿ ಐದನೇ ಒಂದು ಭಾಗ ಇವುಗಳದ್ದೇ.

ಮೈಟೋಕಾಂಡ್ರಿಯ ಮಾಡುವ ಕೆಲಸವನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಅನ್ನದಿಂದ ಬಂದ ಇಂಧನವನ್ನು ಆಮ್ಲಜನಕದ ಜೊತೆ ಹಂತ ಹಂತವಾಗಿ ಸುಟ್ಟು, ಆ ಶಕ್ತಿಯನ್ನು ಎ.ಟಿ.ಪಿ. ಎಂಬ ಅಣುವಿನಲ್ಲಿ ಕೂಡಿಡುತ್ತವೆ. ಕೋಶದ ಹೆಚ್ಚಿನ ಕೆಲಸಗಳಿಗೆ ಖರ್ಚಾಗುವುದು ಈ ಎ.ಟಿ.ಪಿ.ಯೇ. ಒಬ್ಬ ಮನುಷ್ಯ ಒಂದು ದಿನದಲ್ಲಿ ಮಾಡಿ ಮುಗಿಸುವ ಎ.ಟಿ.ಪಿ.ಯನ್ನು ತೂಗಿದರೆ ಅದು ಹೆಚ್ಚು ಕಡಿಮೆ ಅವನ ಮೈತೂಕದಷ್ಟಾಗುತ್ತದೆ. ಮಾಡಿದ್ದು ಕ್ಷಣದಲ್ಲಿ ಖರ್ಚಾಗಿ, ಮತ್ತೆ ಹೊಸದಾಗುತ್ತಿರುತ್ತದೆ.

ಮೈಟೋಕಾಂಡ್ರಿಯದ ಬಗ್ಗೆ ವಿಜ್ಞಾನ ಕಲಿತ ಪಾಠಗಳಲ್ಲಿ ಹಲವು ಯಕೃತ್ತಿನಿಂದ ಬಂದವು. 1948ರಲ್ಲಿ ನ್ಯೂಯಾರ್ಕಿನಲ್ಲಿ ಹೋಗ್‌ಬೂಮ್, ಶ್ನೈಡರ್, ಪಲಾಡೆ ಎಂಬ ಮೂವರು ಒಂದು ವಿಧಾನ ಕಂಡುಕೊಂಡರು. ಇಲಿಯ ಯಕೃತ್ತನ್ನು ಸಕ್ಕರೆಯ ತಣ್ಣನೆಯ ದ್ರಾವಣದಲ್ಲಿ ನುಣ್ಣಗೆ ಅರೆಯಬೇಕು. ಆ ರಸವನ್ನು ಕೊಳವೆಗೆ ಹಾಕಿ ಯಂತ್ರದಲ್ಲಿ ತಿರುಗಿಸಬೇಕು. ಮೊದಲು ಭಾರದ ಕೋಶಕೇಂದ್ರಗಳು ತಳ ಸೇರುತ್ತವೆ. ಮೇಲಿನ ತಿಳಿಯನ್ನು ಬೇರೆ ಕೊಳವೆಗೆ ಬಸಿದು ಇನ್ನೂ ಜೋರಾಗಿ ತಿರುಗಿಸಿದರೆ, ತಳದಲ್ಲಿ ತಿಳಿಗಂದು ಬಣ್ಣದ ಒಂದು ಪುಟ್ಟ ಮುದ್ದೆ ಕೂರುತ್ತದೆ. ಅದು ಮೈಟೋಕಾಂಡ್ರಿಯ. ಅದಕ್ಕೆ ಇಂಧನ ಕೊಟ್ಟರೆ, ಕೋಶದ ಹೊರಗೂ ಅದು ಆಮ್ಲಜನಕ ಹೀರುತ್ತದೆ. ಅದೇ ವರ್ಷಗಳಲ್ಲಿ ಕೆನಡಿ ಮತ್ತು ಲೆನಿಂಜರ್ ಎಂಬ ಇಬ್ಬರು ಇದೇ ಮುದ್ದೆ ಕೊಬ್ಬನ್ನೂ ಸುಡುತ್ತದೆ ಎಂದು ತೋರಿಸಿದರು. ಕೊಬ್ಬು ಎಂಬ ಪದವನ್ನು ನೆನಪಿಟ್ಟುಕೊಳ್ಳಿ. ಮುಂದೆ ಅದರದ್ದೇ ಕತೆ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಊಟವಿಲ್ಲದ ಹೊತ್ತಿನಲ್ಲಿ ಮಿದುಳಿಗೆ ಸಕ್ಕರೆ ಕೊಡುವುದು ಯಕೃತ್ತು. ಆ ಯಕೃತ್ತಿನ ಕೋಶಗಳಲ್ಲಿ ಶಕ್ತಿ ಮಾಡುವುದು ಮೈಟೋಕಾಂಡ್ರಿಯ. ಇನ್ನು ಮುಂದಿನ ಪ್ರಶ್ನೆ. ಊಟವಾಗಿದೆ, ಊಟವಾಗಿಲ್ಲ ಎಂಬ ಸುದ್ದಿ ಯಕೃತ್ತಿಗೆ ಹೇಗೆ ತಿಳಿಯುತ್ತದೆ?

ಹೊಟ್ಟೆಯ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಒಂದು ಗ್ರಂಥಿ ಇದೆ. ಹೆಸರು ಮೇದೋಜೀರಕ. ಅದು ಎರಡು ಮುಖ್ಯ ಹಾರ್ಮೋನು ಸುರಿಸುತ್ತದೆ. ಒಂದು ಇನ್ಸುಲಿನ್. ಇನ್ನೊಂದು ಗ್ಲೂಕಗಾನ್. ಇನ್ಸುಲಿನ್ ಎಲ್ಲರಿಗೂ ಗೊತ್ತು. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ಬೇರ್ಪಡಿಸಿದರು. ಗ್ಲೂಕಗಾನ್ ಹೆಸರು ಕೇಳಿದವರು ಕಡಿಮೆ. ನನ್ನ ಮಟ್ಟಿಗೆ ಅದು ಅಷ್ಟೇ ದೊಡ್ಡದು. ಉಂಡ ಮೇಲೆ ಇನ್ಸುಲಿನ್ ಏರುತ್ತದೆ. ಹೊಟ್ಟೆ ಬರಿದಾದಂತೆ ಇನ್ಸುಲಿನ್ ಇಳಿದು ಗ್ಲೂಕಗಾನ್ ಏರುತ್ತದೆ.

ಇಲ್ಲಿ ಒಂದು ಚೆಂದದ ವ್ಯವಸ್ಥೆ ಇದೆ. ಮೇದೋಜೀರಕದಿಂದ ಹೊರಟ ರಕ್ತ ಇಡೀ ಮೈ ಸುತ್ತುವ ಮೊದಲು, ಕರುಳಿನ ರಕ್ತದ ಜೊತೆ ಒಂದೇ ದೊಡ್ಡ ನಾಳದಲ್ಲಿ ಸೇರಿ, ನೇರವಾಗಿ ಯಕೃತ್ತಿಗೆ ಹೋಗುತ್ತದೆ. ಉಂಡ ಅನ್ನದ ಸಾರವೂ ಅದೇ ದಾರಿ, ಹಾರ್ಮೋನೂ ಅದೇ ದಾರಿ. ಸುದ್ದಿ ಮೊದಲು ಮುಟ್ಟುವುದು ಯಕೃತ್ತಿಗೆ.

ಆದರೆ ಗ್ಲೂಕಗಾನ್ ಕೋಶದ ಒಳಗೆ ಹೋಗುವುದಿಲ್ಲ. ಹೊರಗಿನ ಪೊರೆಯನ್ನು ಮುಟ್ಟಿ ಅಲ್ಲೇ ನಿಲ್ಲುತ್ತದೆ. ಹಾಗಿದ್ದರೆ ಒಳಗಿನ ಮೈಟೋಕಾಂಡ್ರಿಯಕ್ಕೆ ಸುದ್ದಿ ಮುಟ್ಟುವುದು ಹೇಗೆ? ಇದನ್ನು ಬಿಡಿಸಿದವರು ಅಮೆರಿಕದ ಅರ್ಲ್ ಸದರ್ಲೆಂಡ್. ಅವರೂ ಹಿಡಿದದ್ದು ಯಕೃತ್ತನ್ನೇ. ಹಾರ್ಮೋನು ಪೊರೆಯನ್ನು ಮುಟ್ಟಿದ ಕೂಡಲೇ ಕೋಶದ ಒಳಗೆ ಒಂದು ಸಣ್ಣ ಅಣು ಹುಟ್ಟುತ್ತದೆ ಎಂದು 1950ರ ದಶಕದ ಕೊನೆಗೆ ಅವರು ತೋರಿಸಿದರು. ಅದರ ಹೆಸರು ಸೈಕ್ಲಿಕ್ ಎ.ಎಂ.ಪಿ. ಹೊರಗಿನ ಮಾತನ್ನು ಒಳಗೆ ಒಯ್ಯುವುದು ಅದೇ. ಈ ಕೆಲಸಕ್ಕೆ 1971ರಲ್ಲಿ ಅವರಿಗೆ ನೊಬೆಲ್ ಬಂತು. ಇನ್ಸುಲಿನ್ ಬಂದರೆ ಈ ಅಣು ತಗ್ಗುತ್ತದೆ. ಗ್ಲೂಕಗಾನ್ ಬಂದರೆ ಏರುತ್ತದೆ. ಊಟವಾಯಿತೋ ಇಲ್ಲವೋ ಎಂದು ಯಕೃತ್ತಿನ ಕೋಶಕ್ಕೆ ತಿಳಿಯುವುದು ಹೆಚ್ಚಾಗಿ ಈ ಏರಿಳಿತದಿಂದ.

ಈಗ ನಮ್ಮ ಹತ್ತಿ ಬಿಡಿಸುವ ತಾಯಿಯ ರಾತ್ರಿಗೆ ಬರೋಣ. ಉಂಡ ಮೇಲಿನ ಮೊದಲ ಕೆಲವು ಗಂಟೆ ಚಿಂತೆಯಿಲ್ಲ. ರೊಟ್ಟಿಯ ಗ್ಲೂಕೋಸ್ ಕರುಳಿನಿಂದ ಬರುತ್ತಲೇ ಇದೆ. ಹೆಚ್ಚಾದದ್ದನ್ನು ಇನ್ಸುಲಿನ್ ಹೇಳಿದಂತೆ ಯಕೃತ್ತು ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಡುತ್ತದೆ. ಈ ದಾಸ್ತಾನು ಸುಮಾರು 100 ಗ್ರಾಂ. ನಡುರಾತ್ರಿ ದಾಟಿದಂತೆ ಗ್ಲೂಕಗಾನ್ ಏರಿ, ದಾಸ್ತಾನು ಕರಗಿ, ರಕ್ತಕ್ಕೆ ಸಕ್ಕರೆ ಇಳಿಯುತ್ತದೆ. ಲೆಕ್ಕ ನೋಡಿ. ಮಿದುಳೊಂದೇ ಗಂಟೆಗೆ 5 ಗ್ರಾಂ ಕೇಳುತ್ತದೆ. ಕೆಂಪು ರಕ್ತಕಣಗಳಿಗೂ ಸಕ್ಕರೆಯೇ ಬೇಕು. ಅವುಗಳಲ್ಲಿ ಮೈಟೋಕಾಂಡ್ರಿಯವೇ ಇಲ್ಲ. ಇಷ್ಟನ್ನು ಕೊಡುತ್ತ ಹೋದರೆ ದಾಸ್ತಾನು ಒಂದು ದಿನಕ್ಕೆ ಬರಿದು. ಆದ್ದರಿಂದ ದಾಸ್ತಾನು ಮುಗಿಯುವ ಮೊದಲೇ, ನಸುಕಿನ ಹೊತ್ತಿಗೆ, ಯಕೃತ್ತು ಹೊಸ ಸಕ್ಕರೆ ತಯಾರಿಸಲು ಶುರು ಮಾಡಿರುತ್ತದೆ. ಸ್ನಾಯುಗಳಿಂದ ಬಂದ ಲ್ಯಾಕ್ಟಿಕ್ ಆಮ್ಲ, ಅಮೈನೊ ಆಮ್ಲ, ಕೊಬ್ಬು ಕರಗಿದಾಗ ಬಂದ ಗ್ಲಿಸರಾಲ್, ಇವು ಕಚ್ಚಾ ಸಾಮಾನು.

ಸಕ್ಕರೆ ಮಾಡುವುದಕ್ಕೆ ಶಕ್ತಿ ಬೇಕು. ಲ್ಯಾಕ್ಟಿಕ್ ಆಮ್ಲದಿಂದ ಒಂದು ಗ್ಲೂಕೋಸ್ ಅಣು ಕಟ್ಟಲು 6 ಎ.ಟಿ.ಪಿ.ಗೆ ಸಮನಾದ ಖರ್ಚು. ಆ ಎ.ಟಿ.ಪಿ. ಎಲ್ಲಿಂದ ಬರಬೇಕು? ಸಕ್ಕರೆ ಸುಟ್ಟು ಸಕ್ಕರೆ ಮಾಡಿದರೆ ಲಾಭವೇನು? ಇಲ್ಲೇ ಕೊಬ್ಬು ಬರುವುದು. ಯಕೃತ್ತು ತಾನು ಕೊಬ್ಬು ಸುಟ್ಟು, ಆ ಶಕ್ತಿಯಿಂದ ಮಿದುಳಿಗೆ ಸಕ್ಕರೆ ಮಾಡಿಕೊಡುತ್ತದೆ. ಕೊಬ್ಬು ಸುಡುವುದು ಮೈಟೋಕಾಂಡ್ರಿಯ. ಸಕ್ಕರೆ ಕಟ್ಟುವ ಮೊದಲ ಹೆಜ್ಜೆ ನಡೆಯುವುದೂ ಮೈಟೋಕಾಂಡ್ರಿಯದ ಒಳಗೇ. 1970ರ ದಶಕದಲ್ಲಿ ಇಲಿಗಳಿಗೆ ಗ್ಲೂಕಗಾನ್ ಚುಚ್ಚಿ, ಅವುಗಳ ಯಕೃತ್ತಿನ ಮೈಟೋಕಾಂಡ್ರಿಯ ಬೇರ್ಪಡಿಸಿ ನೋಡಿದರು. ಆ ಮೈಟೋಕಾಂಡ್ರಿಯ ಹೆಚ್ಚು ಬಿರುಸಾಗಿ ಆಮ್ಲಜನಕ ಹೀರುತ್ತಿದ್ದವು. ಹಾರ್ಮೋನು ಕೊಟ್ಟ ಅಪ್ಪಣೆ ಕೋಶದಿಂದ ಹೊರಗೆ ತೆಗೆದ ಮೇಲೂ ಅವುಗಳಲ್ಲಿ ಉಳಿದಿತ್ತು.

ಇನ್ನೊಂದು ವಿಷಯ. ಕೊಬ್ಬು ಮೈಟೋಕಾಂಡ್ರಿಯದೊಳಗೆ ತಾನಾಗಿ ನುಗ್ಗುವಂತಿಲ್ಲ. ಅದರ ಪೊರೆಯಲ್ಲಿ ಕಾರ್ನಿಟೀನ್ ಎಂಬ ವಸ್ತುವಿನ ನೆರವಿನಿಂದ ಕೊಬ್ಬನ್ನು ಒಳಗೆ ಬಿಡುವ ಒಂದು ಕಿಣ್ವ ಇದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಉಣ್ಣುವ ಸುರಪುರ, ಶಹಾಪುರದ ರೈತರಿಗೆ ಇದನ್ನು ತಿಳಿಸುವುದು ಸುಲಭ. ಕಾಲುವೆ ತುಂಬ ನೀರಿದ್ದರೂ ತೂಬು ಎತ್ತದೆ ಹೊಲಕ್ಕೆ ನೀರು ಬಾರದು. ಈ ಕಿಣ್ವ ಆ ತೂಬು. ಇನ್ಸುಲಿನ್ ಇದ್ದಾಗ ಕೋಶದಲ್ಲಿ ಮೆಲೊನಿಲ್ ಕೋ-ಎ ಎಂಬ ವಸ್ತು ಹೆಚ್ಚುತ್ತದೆ. ಅದು ತೂಬನ್ನು ಮುಚ್ಚಿಡುತ್ತದೆ. ಗ್ಲೂಕಗಾನ್ ಬಂದಾಗ ಆ ವಸ್ತು ಕಡಿಮೆಯಾಗಿ ತೂಬು ಏಳುತ್ತದೆ. 1977ರಲ್ಲಿ ಅಮೆರಿಕದ ಡಲ್ಲಸ್‌ನಲ್ಲಿ ಮೆಗ್ಯಾರಿ ಮತ್ತು ಫಾಸ್ಟರ್ ಇದನ್ನು ಕಂಡುಹಿಡಿದರು. ಉಂಡ ಹೊತ್ತಿನಲ್ಲಿ ಕೊಬ್ಬನ್ನು ಕೂಡಿಡು, ಉಪವಾಸದಲ್ಲಿ ಕೊಬ್ಬನ್ನು ಸುಡು. ಎರಡೂ ಒಟ್ಟಿಗೆ ನಡೆಯದಂತೆ ನೋಡಿಕೊಳ್ಳುವುದು ಈ ಒಂದು ತೂಬು.

ನಮ್ಮ ಸೀಮೆಯಲ್ಲಿ ಉಪವಾಸ ಹೊಸದಲ್ಲ. ಶಿವರಾತ್ರಿಗೆ ಹಗಲು ರಾತ್ರಿ ಉಣ್ಣದವರಿದ್ದಾರೆ. ಏಕಾದಶಿ ನಿರಾಹಾರ ಮಾಡುವವರಿದ್ದಾರೆ. ರಮಜಾನಿನಲ್ಲಿ ಸಹರಿಯಿಂದ ಇಫ್ತಾರಿನವರೆಗೆ ನೀರೂ ಮುಟ್ಟದೆ ರೋಜಾ ಇರುವವರಿದ್ದಾರೆ. ಉಪವಾಸ ಬೆಳೆದಂತೆ ಯಕೃತ್ತಿಗೆ ಬರುವ ಕೊಬ್ಬು ಅದಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗುತ್ತದೆ. ಆಗ ಮೈಟೋಕಾಂಡ್ರಿಯ ಆ ಕೊಬ್ಬನ್ನು ಕೀಟೋನ್ ಎಂಬ ಸಣ್ಣ ಅಣುಗಳಾಗಿ ಮುರಿದು ರಕ್ತಕ್ಕೆ ಬಿಡುತ್ತವೆ. ಮಿದುಳು, ಹೃದಯ, ಸ್ನಾಯು ಇವನ್ನು ಉಣ್ಣುತ್ತವೆ. ಯಕೃತ್ತು ಮಾತ್ರ ಉಣ್ಣಲಾರದು. ಕೀಟೋನ್ ಬಳಸಲು ಬೇಕಾದ ಕಿಣ್ವವೇ ಅದರಲ್ಲಿಲ್ಲ. ತಾನು ಮಾಡಿದ ಈ ಅಡುಗೆಯನ್ನು ಅದು ಪೂರ್ತಿ ಹೊರಗಿನವರಿಗೇ ಬಡಿಸುತ್ತದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಯಕೃತ್ತಿನ ಮೇಲೆ ಗೌರವ ಹುಟ್ಟಿತು. ಅದು ಇಂದಿಗೂ ಇದೆ.

ಮತ್ತೊಮ್ಮೆ ಹೇಳುತ್ತೇನೆ. ಹೊಟ್ಟೆ ಬರಿದಾದಾಗ ಗ್ಲೂಕಗಾನ್ ಏರುತ್ತದೆ. ಮೈಟೋಕಾಂಡ್ರಿಯಕ್ಕೆ ಕೊಬ್ಬು ಹರಿಯುತ್ತದೆ. ಆ ಕೊಬ್ಬಿನ ಶಕ್ತಿಯಿಂದ ಸಕ್ಕರೆ ತಯಾರಾಗುತ್ತದೆ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹಾರ್ಮೋನು ಕರೆದಿದೆ, ಆದರೆ ಮೈಟೋಕಾಂಡ್ರಿಯ ಓಗೊಡಲಾರದ ಸ್ಥಿತಿಯಲ್ಲಿದ್ದರೆ ಏನಾಗುತ್ತದೆ?

ಇದಕ್ಕೆ ಉತ್ತರ ಬಿಹಾರದ ಮುಜಫ್ಫರಪುರದಲ್ಲಿದೆ. ದುಃಖದ ಉತ್ತರ. ಆದರೂ ಹೇಳಲೇಬೇಕು.

ಮುಜಫ್ಫರಪುರ ಲಿಚಿ ಹಣ್ಣಿನ ನಾಡು. ಮೇ, ಜೂನ್ ತಿಂಗಳಲ್ಲಿ ತೋಟಗಳ ತುಂಬ ಹಣ್ಣು. ಅದೇ ತಿಂಗಳಲ್ಲಿ ವರ್ಷ ವರ್ಷವೂ ಅಲ್ಲಿನ ಬಡವರ ಮಕ್ಕಳಿಗೆ ಒಂದು ರೋಗ ಬರುತ್ತಿತ್ತು. ಸಂಜೆ ಆಡಿಕೊಂಡು ಬಂದ ಮಗು ಮಲಗುತ್ತದೆ. ನಸುಕಿನಲ್ಲಿ ತಾಯಿ ನೋಡಿದರೆ ಫಿಟ್ಸ್. ಆಮೇಲೆ ಎಚ್ಚರವಿಲ್ಲ. ಮಿದುಳಿಗೆ ಸೋಂಕು ತಗುಲಿದೆ ಎಂದು ಬಹಳ ವರ್ಷ ತಿಳಿದಿದ್ದರು. 2014ರ ಒಂದೇ ಹಂಗಾಮಿನಲ್ಲಿ ಅಲ್ಲಿನ ಎರಡು ಆಸ್ಪತ್ರೆಗಳಿಗೆ ಸುಮಾರು 400 ಮಕ್ಕಳು ಬಂದರು. ನೂರಕ್ಕೂ ಹೆಚ್ಚು ಮಕ್ಕಳು ತೀರಿಕೊಂಡರು. ನಮ್ಮ ದೇಶದ ಮತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರಗಳ ತಜ್ಞರು ಸೇರಿ ತನಿಖೆ ಮಾಡಿದರು. 2017ರಲ್ಲಿ ವರದಿ ಪ್ರಕಟವಾಯಿತು. ಬಹಳಷ್ಟು ಮಕ್ಕಳ ರಕ್ತದಲ್ಲಿ ಸಕ್ಕರೆ ತೀರ ಕೆಳಗೆ ಬಿದ್ದಿತ್ತು. ಅವರಲ್ಲಿ ಹಲವರು ಹಗಲೆಲ್ಲ ಲಿಚಿ ತಿಂದಿದ್ದರು. ರಾತ್ರಿ ಊಟ ಮಾಡಿರಲಿಲ್ಲ.

ಏನಾಗಿತ್ತು ಎಂದರೆ, ಲಿಚಿಯಲ್ಲಿ ಒಂದು ವಿಷವಸ್ತು ಇದೆ. ಅದು ಮೈಟೋಕಾಂಡ್ರಿಯದಲ್ಲಿ ಕೊಬ್ಬು ಸುಡುವ ಕಿಣ್ವಗಳನ್ನು ತಡೆಯುತ್ತದೆ. ಉಂಡು ಮಲಗಿದ ಮಗುವಿಗೆ ಅದರಿಂದ ಅಷ್ಟು ತೊಂದರೆಯಿಲ್ಲ. ಗ್ಲೈಕೊಜೆನ್ ಇರುತ್ತದೆ, ರಾತ್ರಿ ಕಳೆಯುತ್ತದೆ. ಆದರೆ ಮೊದಲೇ ಸೊರಗಿದ ಮಗು, ಪುಟ್ಟ ಯಕೃತ್ತು, ದಾಸ್ತಾನು ತೀರ ಕಡಿಮೆ. ನಡುರಾತ್ರಿಗೇ ಅದು ಬರಿದು. ಗ್ಲೂಕಗಾನ್ ಕರೆಯಿತು. ಗಾಬರಿಯ ಹೊತ್ತಿನಲ್ಲಿ ಏರುವ ಅಡ್ರಿನಾಲಿನ್ ಎಂಬ ಹಾರ್ಮೋನೂ ಕರೆಯಿತು. ಕೊಬ್ಬು ಸುಡದೆ ಎ.ಟಿ.ಪಿ. ಇಲ್ಲ. ಎ.ಟಿ.ಪಿ. ಇಲ್ಲದೆ ಸಕ್ಕರೆ ಇಲ್ಲ. ಕೀಟೋನೂ ಇಲ್ಲ. ಮಿದುಳು ಹಸಿವಿನಿಂದ ಒದ್ದಾಡಿತು.

ತಜ್ಞರು ಕೊಟ್ಟ ಸಲಹೆಯಲ್ಲಿ ಮುಖ್ಯವಾದದ್ದು ದುಬಾರಿ ಔಷಧವಲ್ಲ. ಮಕ್ಕಳಿಗೆ ಲಿಚಿ ಕಡಿಮೆ ಮಾಡಿ, ರಾತ್ರಿ ತಪ್ಪದೆ ಊಟ ಮಾಡಿಸಿ ಮಲಗಿಸಿ, ಕಾಯಿಲೆ ಬಿದ್ದ ಮಗುವಿಗೆ ತಕ್ಷಣ ಗ್ಲೂಕೋಸ್ ಕೊಡಿ. ಇಷ್ಟೇ. ನಮ್ಮಲ್ಲಿ ಲಿಚಿ ತೋಟಗಳಿಲ್ಲ. ಆದರೆ ಸೊರಗಿದ ಮಕ್ಕಳಿದ್ದಾರೆ. ಅಪ್ಪ ಅಮ್ಮ ಬೆಂಗಳೂರಿಗೋ ಪುಣೆಗೋ ಗುಳೆ ಹೋಗಿ, ಅಜ್ಜಿಯ ಹತ್ತಿರ ಉಳಿದ ಮಕ್ಕಳಿದ್ದಾರೆ. ಆಡಿ ದಣಿದು ಉಣ್ಣದೆ ನಿದ್ದೆ ಹೋದ ಮಗುವನ್ನು, ಪಾಪ, ಯಾಕೆ ಎಬ್ಬಿಸುವುದು ಎಂದು ನಾವು ಬಿಡುತ್ತೇವೆ. ಎಬ್ಬಿಸಿ. ನಾಲ್ಕು ತುತ್ತು ಹಾಲು ಅನ್ನವನ್ನಾದರೂ ತಿನ್ನಿಸಿ.

ಇದುವರೆಗೆ ಗಂಟೆಗಳ ಲೆಕ್ಕದಲ್ಲಿ ನಡೆಯುವ ಕೆಲಸ ನೋಡಿದೆವು. ಕ್ಷಣದಲ್ಲಿ ನಡೆಯುವುದೂ ಇದೆ. ಹತ್ತಿ ಗಿಡದ ಬುಡದಲ್ಲಿ ಹಾವು ಕಂಡಿತು. ಎದೆ ಹೊಡೆದುಕೊಂಡಿತು. ಓಡಿದರು. ಅಡ್ರಿನಾಲಿನ್ ಯಕೃತ್ತನ್ನು ಮುಟ್ಟಿತು. ಕೋಶದಲ್ಲಿ ಕ್ಯಾಲ್ಸಿಯಂ ಏರಿತು. ಆ ಕ್ಯಾಲ್ಸಿಯಂ ಮೈಟೋಕಾಂಡ್ರಿಯದ ಒಳಗೂ ಹೋಗಿ, ಇಂಧನ ಸುಡುವ ಮೂರು ಕಿಣ್ವಗಳನ್ನು ಚುರುಕುಗೊಳಿಸಿತು. ಬಿಸಿಲಿನಲ್ಲಿ ಮೈನೀರು ಕಡಿಮೆಯಾದಾಗ ಏರುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಕೂಡ ಯಕೃತ್ತಿನಲ್ಲಿ ಇದೇ ದಾರಿ ಹಿಡಿಯುತ್ತದೆ. 1995ರಲ್ಲಿ ಫಿಲಡೆಲ್ಫಿಯಾದಲ್ಲಿ ಇಲಿಯ ಯಕೃತ್ತಿನ ಜೀವಂತ ಕೋಶಗಳ ಮೇಲೆ ವ್ಯಾಸೊಪ್ರೆಸಿನ್ ಹಾಕಿ ನೋಡಿದರು. ಕ್ಯಾಲ್ಸಿಯಂ ಅಲೆ ಅಲೆಯಾಗಿ ಏಳುತ್ತಿತ್ತು. ಅದರ ಹಿಂದೆಯೇ ಮೈಟೋಕಾಂಡ್ರಿಯದ ಕೆಲಸ ಏರುತ್ತಿತ್ತು. ಈ ಕ್ಯಾಲ್ಸಿಯಂ ಒಳಹೋಗುವ ರಂಧ್ರ ಯಾವ ಪ್ರೋಟೀನಿನದು ಎಂಬುದು 2011ರವರೆಗೂ ಸಿಕ್ಕಿರಲಿಲ್ಲ. ಆ ವರ್ಷ ಎರಡು ತಂಡ ಒಟ್ಟಿಗೇ ಹಿಡಿದವು. ಒಂದು ಇಟಲಿಯ ಪಾದುವಾದ್ದು. ಇನ್ನೊಂದು ಬಾಸ್ಟನ್ನಿನಲ್ಲಿ ಭಾರತ ಮೂಲದ ವಂಶಿ ಮೂಥಾ ಅವರದ್ದು.

ಕ್ಷಣದ ಹಾರ್ಮೋನು ಅಡ್ರಿನಾಲಿನ್. ಗಂಟೆಗಳ ಹಾರ್ಮೋನು ಇನ್ಸುಲಿನ್, ಗ್ಲೂಕಗಾನ್. ಇನ್ನು ದಿನಗಳ ಲೆಕ್ಕದಲ್ಲಿ ಕೆಲಸ ಮಾಡುವ ಒಂದಿದೆ. ಅದು ಕೊರಳಿನ ಥೈರಾಯ್ಡ್ ಗ್ರಂಥಿಯದ್ದು.

ಥೈರಾಯ್ಡ್ ಕಡಿಮೆಯಾದವರನ್ನು ನೀವು ನೋಡಿರುತ್ತೀರಿ. ನಡೆ ನಿಧಾನ. ಮಾತು ನಿಧಾನ. ಯಾದಗಿರಿಯ ಬಿಸಿಲಲ್ಲೂ ಅವರಿಗೆ ಅಷ್ಟು ಸೆಕೆಯೆನಿಸದು. ಉಂಡದ್ದು ಕಡಿಮೆ, ಮೈ ಮಾತ್ರ ಭಾರ. ಹೆಚ್ಚಾದವರು ಇದಕ್ಕೆ ತಿರುವುಮುರುವು. ಎಷ್ಟು ಉಂಡರೂ ಸಣಕಲು, ಮೈಯೆಲ್ಲ ಬೆವರು. ಥೈರಾಯ್ಡ್ ಕಡಿಮೆಯಾದವರು ಆಮ್ಲಜನಕವನ್ನು ಕಡಿಮೆ ಬಳಸುತ್ತಾರೆ, ಔಷಧ ಕೊಟ್ಟರೆ ಅದು ಏರುತ್ತದೆ ಎಂದು ಜರ್ಮನಿಯ ಮ್ಯಾಗ್ನಸ್-ಲೆವಿ 1895ರಲ್ಲೇ ಅಳೆದು ತೋರಿಸಿದ್ದರು. ಆಗಿನ್ನೂ ಮೈಟೋಕಾಂಡ್ರಿಯಕ್ಕೆ ಆ ಹೆಸರೇ ಬಂದಿರಲಿಲ್ಲ.

ಗ್ರಂಥಿ ಸುರಿಸುವ ಹಾರ್ಮೋನು ಥೈರಾಕ್ಸಿನ್. ಅದರಲ್ಲಿ 4 ಅಯೋಡಿನ್ ಪರಮಾಣು ಇವೆ. ಅದರಲ್ಲಿ ಒಂದನ್ನು ಕಳಚಿ ಇನ್ನೂ ಬಲವಾದ ರೂಪಕ್ಕೆ ತರುವ ಜಾಗಗಳಲ್ಲಿ ಯಕೃತ್ತೂ ಒಂದು. ಈ ಬಲವಾದ ರೂಪ ಏನು ಮಾಡುತ್ತದೆ? ಅದು ನೇರವಾಗಿ ಮೈಟೋಕಾಂಡ್ರಿಯಕ್ಕೆ ಹೋಗಿ ಕೆಲಸ ಏರಿಸುತ್ತದೆ ಎಂದು ಹಿಂದೆ ನಂಬಿದ್ದರು. 1960ರ ದಶಕದ ಆರಂಭದಲ್ಲಿ, ಭಾರತದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಜಮ್ಶೆಡ್ ಟಾಟಾ ಇದನ್ನು ತಿರುಗಿಸಿದರು. ಥೈರಾಯ್ಡ್ ತೆಗೆದ ಇಲಿಗೆ ಹಾರ್ಮೋನು ಕೊಟ್ಟು ಕಾದರು. ಮೈಯ ದಹನ ಏರಲು ಒಂದು ದಿನಕ್ಕೂ ಹೆಚ್ಚು ಹಿಡಿಯಿತು. ಅದಕ್ಕಿಂತ ಎಷ್ಟೋ ಮೊದಲು ಯಕೃತ್ತಿನ ಕೋಶಕೇಂದ್ರದಲ್ಲಿ ಆರ್.ಎನ್.ಎ. ತಯಾರಿ ಏರಿತ್ತು. ಅಂದರೆ ಹಾರ್ಮೋನು ಮೊದಲು ಹೋದದ್ದು ಕೋಶಕೇಂದ್ರಕ್ಕೆ. ಅಲ್ಲಿ ಜೀನುಗಳನ್ನು ಎಬ್ಬಿಸಿ, ಹೊಸ ಪ್ರೋಟೀನು ಮಾಡಿಸಿ, ಮೈಟೋಕಾಂಡ್ರಿಯವನ್ನೇ ಬಲಪಡಿಸಿತು. ಮೈಟೋಕಾಂಡ್ರಿಯದಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಪ್ರೋಟೀನುಗಳಿವೆ. ಅದು ತನ್ನದೇ ಜೀನುಗಳಿಂದ ಮಾಡಿಕೊಳ್ಳುವುದು 13 ಮಾತ್ರ. ಉಳಿದದ್ದೆಲ್ಲ ಕೋಶಕೇಂದ್ರದ ಕೊಡುಗೆ. ಥೈರಾಯ್ಡ್ ಮಾತ್ರೆ ಇವತ್ತು ನುಂಗಿದರೆ ನಾಳೆಯೇ ಚೈತನ್ಯ ಬಾರದಿರಲು ಇದೂ ಒಂದು ಕಾರಣ. ವಾರಗಟ್ಟಲೆ ಕಾಯಬೇಕು. ನಾಲ್ಕು ದಿನ ನುಂಗಿ, ಏನೂ ಆಗಲಿಲ್ಲ ಎಂದು ಮಾತ್ರೆ ಬಿಟ್ಟವರು ದಯವಿಟ್ಟು ಇದನ್ನು ಗಮನಿಸಬೇಕು.

ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದಲ್ಲೇ ನಡೆದ ಕೆಲಸವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಟಿ. ರಾಮಶರ್ಮ ಅವರು ದಶಕಗಳ ಕಾಲ ಇಲಿಯ ಯಕೃತ್ತಿನ ಮೈಟೋಕಾಂಡ್ರಿಯದ ಮೇಲೆ ದುಡಿದರು. ಮೈಟೋಕಾಂಡ್ರಿಯದಲ್ಲಿ ಯುಬಿಕ್ವಿನೋನ್ ಎಂಬ ವಸ್ತು ಇದೆ. ಇಂಧನದಿಂದ ಬಂದ ಎಲೆಕ್ಟ್ರಾನುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟಿಸುವುದು ಅದರ ಕೆಲಸ. ಥೈರಾಕ್ಸಿನ್ ಪ್ರಮಾಣ ಬದಲಾದರೆ ಯುಬಿಕ್ವಿನೋನ್ ಏನಾಗುತ್ತದೆ ಎಂದು ಅವರ ತಂಡ 1969ರಲ್ಲಿ ಪ್ರಕಟಿಸಿತು. ಇಲಿಗಳನ್ನು ಚಳಿಗೆ ಒಡ್ಡಿದರು. ಎತ್ತರದ ಪರ್ವತದಲ್ಲಿರುವಂತೆ ಗಾಳಿಯ ಒತ್ತಡ ಕಡಿಮೆ ಮಾಡಿ ಇಟ್ಟರು. ನಾರ್‌ಅಡ್ರಿನಾಲಿನ್ ಕೊಟ್ಟು ಯಕೃತ್ತಿನ ಮೈಟೋಕಾಂಡ್ರಿಯದ ಒಂದು ಕಿಣ್ವ ಚುರುಕಾಗುವುದನ್ನು ಕಂಡರು. ಮೈಗೆ ಹೊರಗಿನಿಂದ ಕಷ್ಟ ಬಂದಾಗ ಹಾರ್ಮೋನು ಹೇಗೆ ಯಕೃತ್ತಿನ ಶಕ್ತಿಯನ್ನು ಹೊಂದಿಸುತ್ತದೆ ಎಂಬುದೇ ಅವರ ಪ್ರಶ್ನೆ. ಕನ್ನಡದ ವಿಜ್ಞಾನ ಬರಹಗಳಲ್ಲಿ ಇಂಥವರ ಹೆಸರು ಇನ್ನೂ ಹೆಚ್ಚು ಬರಬೇಕು.

ಥೈರಾಯ್ಡ್ ಹಾರ್ಮೋನು ಯಕೃತ್ತಿನಲ್ಲಿ ಕೊಬ್ಬನ್ನು ಸುಡಿಸುತ್ತದೆ ಎಂಬ ತಿಳಿವಳಿಕೆ ಈಗ ಔಷಧವಾಗಿಯೂ ಬಂದಿದೆ. ಯಕೃತ್ತಿನಲ್ಲಿ ಕೊಬ್ಬು ತುಂಬಿ ಉರಿಯೂತ ಬಂದವರಿಗೆಂದು, ಮುಖ್ಯವಾಗಿ ಯಕೃತ್ತಿನಲ್ಲೇ ಥೈರಾಯ್ಡ್ ಹಾರ್ಮೋನಿನಂತೆ ವರ್ತಿಸುವ ರೆಸ್ಮೆಟಿರಾಮ್ ಎಂಬ ಮಾತ್ರೆಗೆ 2024ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ತೂಕ ಇಳಿಸಲು ಥೈರಾಯ್ಡ್ ಮಾತ್ರೆಯನ್ನೇ ತಾವಾಗಿ ನುಂಗುವವರಿದ್ದಾರೆ. ಅದು ಹೃದಯಕ್ಕೆ ಅಪಾಯ. ಹಾಗೆ ಮಾಡಬೇಡಿ.

ಮೂರು ಬಗೆಯ ಹಾರ್ಮೋನು ಆಯಿತು. ಈಗ ಮನೆಮನೆಯಲ್ಲೂ ಕೇಳುವ ಒಂದು ಮಾತಿಗೆ ಬರುತ್ತೇನೆ. ‘ಡಾಕ್ಟರೇ, ರಾತ್ರಿ ಬರೀ ಒಂದು ರೊಟ್ಟಿ ತಿಂದೆ. ಬೆಳಿಗ್ಗೆ ಏನೂ ತಿಂದಿಲ್ಲ. ಆದರೂ ಶುಗರ್ ಯಾಕೆ ಹೆಚ್ಚು ಬಂತು?’ ಉತ್ತರ ನಿಮಗೆ ಈಗ ಅರ್ಧ ಗೊತ್ತು. ಆ ಸಕ್ಕರೆ ತಟ್ಟೆಯಿಂದ ಬಂದದ್ದಲ್ಲ. ಯಕೃತ್ತಿನಿಂದ ಬಂದದ್ದು. ನಸುಕಿನಲ್ಲಿ ಕಾರ್ಟಿಸಾಲ್ ಎಂಬ ಇನ್ನೊಂದು ಹಾರ್ಮೋನು ಏರುತ್ತದೆ. ಗ್ಲೂಕಗಾನ್ ಜೊತೆ ಸೇರಿ ಸಕ್ಕರೆ ಮಾಡು ಎನ್ನುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಸಾಕು ಎನ್ನುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಆ ಸಾಕು ಎಂಬ ಮಾತು ಯಕೃತ್ತಿಗೆ ಸರಿಯಾಗಿ ಮುಟ್ಟುವುದಿಲ್ಲ. ಕೊಬ್ಬು ತುಂಬಿದ ಯಕೃತ್ತಿಗೆ ಇನ್ನೂ ಕಡಿಮೆ ಮುಟ್ಟುತ್ತದೆ. 2021ರಲ್ಲಿ ಕೇಂದ್ರ ಸರ್ಕಾರ ಯಕೃತ್ತಿನ ಕೊಬ್ಬಿನ ರೋಗವನ್ನೂ ಸಕ್ಕರೆ ಕಾಯಿಲೆ, ಬಿ.ಪಿ. ಕಾರ್ಯಕ್ರಮದ ಜೊತೆ ಸೇರಿಸಿತು. ಅದಕ್ಕೆ ಕಾರಣ ಇದೇ ನಂಟು.

ಇನ್ಸುಲಿನ್ ಚುಚ್ಚಿಕೊಳ್ಳುವವರು ಉಪವಾಸವಿದೆ ಎಂದು ತಾವೇ ಅದನ್ನು ಪೂರ್ತಿ ನಿಲ್ಲಿಸಬಾರದು. ಇನ್ಸುಲಿನ್ ತೀರ ಇಲ್ಲವಾದರೆ ಮೈಟೋಕಾಂಡ್ರಿಯದ ತೂಬು ಎತ್ತಿದ್ದು ಎತ್ತಿದಂತೆಯೇ ಉಳಿಯುತ್ತದೆ. ಕೀಟೋನ್ ಮಿತಿ ಮೀರಿ ರಕ್ತ ಆಮ್ಲವಾಗುತ್ತದೆ. ಬಾಯಿಂದ ಹಣ್ಣಿನಂಥ ವಾಸನೆ, ವಾಂತಿ, ಏದುಸಿರು ಕಂಡರೆ ಆಸ್ಪತ್ರೆಗೆ ಓಡಬೇಕು. ಎಂದಿನಷ್ಟೇ ಚುಚ್ಚಿಕೊಂಡು ಉಪವಾಸ ಮಾಡಿದರೂ ತಪ್ಪು. ಸಕ್ಕರೆ ಕುಸಿಯುತ್ತದೆ. ರೋಜಾ ಇರಲಿ, ಶ್ರಾವಣ ಸೋಮವಾರ ಇರಲಿ, ಮುಂಚಿತವಾಗಿ ವೈದ್ಯರನ್ನು ಕೇಳಿ ಪ್ರಮಾಣ ಗೊತ್ತು ಮಾಡಿಕೊಳ್ಳಿ.

ಕೊನೆಗೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಬಿಳಿ ಮಾತ್ರೆಯ ಬಗ್ಗೆ. ಅದರ ಹೆಸರು ಮೆಟ್‌ಫಾರ್ಮಿನ್. ಅದು ಯಕೃತ್ತು ಸಕ್ಕರೆ ಮಾಡುವುದನ್ನು ತಗ್ಗಿಸುತ್ತದೆ. ಅದು ಮೈಟೋಕಾಂಡ್ರಿಯದ ಉಸಿರಾಟದ ಮೊದಲ ಘಟ್ಟವನ್ನು ಸ್ವಲ್ಪ ಹಿಡಿದು ನಿಲ್ಲಿಸುತ್ತದೆ ಎಂದು 2000ದಲ್ಲಿ ಎರಡು ತಂಡಗಳು ವರದಿ ಮಾಡಿದವು. ನಾವು ನುಂಗುವ ಪ್ರಮಾಣದಲ್ಲಿ ಅದೊಂದೇ ಕಾರಣವೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ನಡೆದಿದೆ. ಮಾತ್ರೆ ಒಳ್ಳೆಯದು, ಅಗ್ಗದ್ದು, ಕೋಟ್ಯಂತರ ಜನರನ್ನು ಕಾಪಾಡಿದೆ. ಆದರೆ ಅದನ್ನು ನುಂಗುವವರು ಖಾಲಿ ಹೊಟ್ಟೆಯಲ್ಲಿ ಮದ್ಯ ಕುಡಿಯಬಾರದು. ಸಾರಾಯಿ ನಮ್ಮ ರಾಜ್ಯದಲ್ಲಿ 2007ರಲ್ಲೇ ನಿಂತಿತು, ಕುಡಿತ ನಿಂತಿಲ್ಲ. ಮದ್ಯ ಯಕೃತ್ತಿಗೆ ಹೋದರೆ ಲ್ಯಾಕ್ಟಿಕ್ ಆಮ್ಲ ಸಕ್ಕರೆಯಾಗುವ ದಾರಿ ಕಟ್ಟುತ್ತದೆ. ಮಾತ್ರೆ ತಗ್ಗಿಸುವುದೂ ಅದೇ ದಾರಿಯನ್ನು. ಗ್ಲೂಕಗಾನ್ ಎಷ್ಟು ಕರೆದರೂ ಸಕ್ಕರೆ ತಯಾರಾಗದು. ಇತ್ತ ಲ್ಯಾಕ್ಟಿಕ್ ಆಮ್ಲ ರಕ್ತದಲ್ಲಿ ಕೂಡುತ್ತ ಹೋಗುತ್ತದೆ. ದಿನವಿಡೀ ದುಡಿದು, ಉಣ್ಣದೆ ಕುಡಿದು ಮಲಗಿದವನು ಬೆಳಿಗ್ಗೆ ಏಳದಿದ್ದರೆ ಮನೆಯವರು ಅಮಲು ಇಳಿದಿಲ್ಲ ಎಂದುಕೊಳ್ಳುತ್ತಾರೆ. ನಿಜದಲ್ಲಿ ಸಕ್ಕರೆ ಕುಸಿದಿರಬಹುದು. ಮೆಟ್‌ಫಾರ್ಮಿನ್ ನುಂಗದವನಿಗೂ ಈ ಅಪಾಯ ಇದೆ. ಕೂಗಿದರೆ ಎಚ್ಚರವಾಗದಿದ್ದರೆ ಬಾಯಿಗೆ ಏನೂ ಹಾಕಬೇಡಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಗೆ ಮುಟ್ಟಿದ ಕೂಡಲೇ, ರಾತ್ರಿ ಉಂಡಿರಲಿಲ್ಲ, ಕುಡಿದಿದ್ದ, ಇಂಥ ಮಾತ್ರೆ ನುಂಗುತ್ತಾನೆ ಎಂದು ಮೂರೂ ಮಾತು ಹೇಳಿ. ಅಲ್ಲಿ ಮೊದಲು ರಕ್ತದ ಸಕ್ಕರೆ ನೋಡುತ್ತಾರೆ.